ವೇಷ ಕಟ್ಟಿದವರ ಹೆಸರು ಹೇಳಿ

ಸಿನಿಮಾ ಪ್ರಶಸ್ತಿ ಸಮಾರಂಭಗಳಿಗೆ ತಾರೆಯರು ನಡೆದು ಬರುವ ರೆಡ್ ಕಾರ್ಪೆಟ್ ನೋಡುವುದು ನನಗೆ ತುಂಬಾ ಇಷ್ಟ. ಸಿನಿಮಾವನ್ನು ಗಂಭೀರವಾಗಿ ನೋಡುವ ನನ್ನ ಗೆಳೆಯರಿಗೆ ಇದು ಸರಿಬರುವುದಿಲ್ಲ. ಊರಿಗೆ ಫೋನ್ ಮಾಡಿದಾಗ ಹೇಳಿದರೆ, "ಎಂಥ ಮಾರಾಯ, ನೀನೂ ಗೌನ್ ನೋಡ್ತಾ ಕೂತ್ಕೊಂಡ್ಯಾ?" ಅಂತ ಕೇಳುತ್ತಾರೆ. ಹೌದು, ನೋಡುತ್ತೇನೆ. ಸಿನಿಮಾದಲ್ಲಿ ಬಟ್ಟೆ ಅನ್ನೋದು ಸಣ್ಣ ವಿಷಯ ಅಲ್ಲ. ಪಾತ್ರ ಮಾತಾಡುವ ಮೊದಲೇ ಅದರ ಜಾತಿ, ಊರು, ಕೈಯಲ್ಲಿರುವ ದುಡ್ಡು ಎಲ್ಲ ಬಟ್ಟೆಯಲ್ಲೇ ಗೊತ್ತಾಗಿಬಿಡುತ್ತದೆ. ಸಿನಿಮಾದ ಒಳಗೆ ಅಷ್ಟು ಮುಖ್ಯವಾದದ್ದನ್ನು ಹೊರಗೆ ನೋಡಿದರೆ ತಪ್ಪೇನು?

ನನ್ನ ತಕರಾರು ಬೇರೆ. ಕಾರ್ಪೆಟ್ ಪಕ್ಕ ಮೈಕ್ ಹಿಡಿದು ನಿಂತವರು ಕೇಳುವ ಮೊದಲ ಪ್ರಶ್ನೆ, ಇವತ್ತು ಯಾರ ಬಟ್ಟೆ ಹಾಕಿದ್ದೀರಿ ಅಂತ. ಉತ್ತರಕ್ಕೆ ಒಂದು ದೊಡ್ಡ ಕಂಪನಿಯ ಹೆಸರು ಬರುತ್ತದೆ. ಒಡವೆಗೆ ಇನ್ನೊಂದು ಹೆಸರು. ಅಲ್ಲಿಗೆ ಮಾತು ಮುಗಿಯಿತು. ಆ ಬಟ್ಟೆ ಕತ್ತರಿಸಿದವರು ಯಾರು, ಮಣಿ ಪೋಣಿಸಿದವರು ಯಾರು, ಕೊನೆ ಗಳಿಗೆಯಲ್ಲಿ ಸೊಂಟದ ಅಳತೆ ಸರಿಮಾಡಿಕೊಟ್ಟವರು ಯಾರು ಅಂತ ಯಾರೂ ಕೇಳುವುದಿಲ್ಲ. ಹಾಕಿಕೊಂಡವರಿಗೂ ಎಷ್ಟೋ ಸಲ ಅದು ಸ್ವಂತದ್ದಲ್ಲ. ಕಾರ್ಪೆಟ್ ಮೇಲಿನ ಬಟ್ಟೆ ಒಡವೆಗಳಲ್ಲಿ ಬಹುಪಾಲು ಎರವಲು. ರಾತ್ರಿ ಕಳೆದ ಮೇಲೆ ವಾಪಸ್ ಹೋಗುತ್ತವೆ.

ನನಗೆ ಇದು ಇಷ್ಟು ಕಾಡುವುದಕ್ಕೆ ಕಾರಣ ಇದೆ. ನಾನು ಸಾಗರದ ಹತ್ತಿರದ ಹಳ್ಳಿಯವನು. ಈಗ ಲಾಸ್ ಏಂಜಲೀಸಿನಲ್ಲಿದ್ದೇನೆ. ವೇಷ ನೋಡುವುದನ್ನು ನಾನು ಕಲಿತದ್ದು ಟಿವಿಯಿಂದ ಅಲ್ಲ, ಆಟದಿಂದ.

ಮಲೆನಾಡಿನವರಿಗೆ ಆಟ ಅಂದರೆ ಯಕ್ಷಗಾನ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಅಡಿಕೆ ಕೊಯ್ಲು ಶುರುವಾಗುವ ಹೊತ್ತಿಗೆ ಮೇಳಗಳು ಹೊರಡುತ್ತವೆ. ಮಳೆಗಾಲ ಬರುವವರೆಗೆ ಒಂದಲ್ಲ ಒಂದು ಕಡೆ ಆಟ. ನಾವು ಹುಡುಗರು ರಂಗಸ್ಥಳದ ಮುಂದೆ ಜಾಗ ಹಿಡಿಯುವುದಕ್ಕಿಂತ ಮೊದಲು ವೇಷ ಕಟ್ಟಿಕೊಳ್ಳುವ ಜಾಗವಾದ ಚೌಕಿಗೆ ಓಡುತ್ತಿದ್ದೆವು. ಚೌಕಿಯಲ್ಲಿ ದೇವರ ಮುಂದೆ ದೀಪ ಉರಿಯುತ್ತಿರುತ್ತದೆ. ಕಲಾವಿದರು ಸಾಲಾಗಿ ಕೂತು, ಕೈಯಲ್ಲೊಂದು ಕನ್ನಡಿ ಹಿಡಿದು, ತಮ್ಮ ಮುಖಕ್ಕೆ ತಾವೇ ಬಣ್ಣ ಹಚ್ಚಿಕೊಳ್ಳುತ್ತಿರುತ್ತಾರೆ. ಬೆಂಡಿನ ಮೇಲೆ ಬೇಗಡೆ ಅಂಟಿಸಿದ ಭುಜಕೀರ್ತಿ, ಎದೆಕಟ್ಟು ಒಂದೊಂದಾಗಿ ಪೆಟ್ಟಿಗೆಯಿಂದ ಹೊರಗೆ ಬರುತ್ತವೆ. ಕೆಂಪು, ಹಳದಿ ಚೌಕುಳಿಯ ಕಸೆ ಸೀರೆಯ ಒಂದು ತುದಿಯನ್ನು ಒಬ್ಬರು ಹಿಡಿದರೆ ಇನ್ನೊಬ್ಬರು ಸುತ್ತಿಸಿಕೊಳ್ಳುತ್ತಾರೆ. ಯಕ್ಷಗಾನದ ಉತ್ತರದ ಶೈಲಿಯಾದ ಬಡಗುತಿಟ್ಟಿನ ಮುಂಡಾಸು ಕಟ್ಟುವುದು ನೋಡುವುದೇ ಒಂದು ಹಬ್ಬ. ಎಳೆ ಎಳೆಯಾಗಿ ಸುತ್ತಿ, ಬಿಗಿದು, ಪಟ್ಟಿ ಕೂರಿಸಿ, ಕಮಲದ ಮೊಗ್ಗಿನ ಹಾಗೆ ಮೇಲಕ್ಕೆ ಎತ್ತಬೇಕು. ಒಂದು ಸುತ್ತು ಸಡಿಲವಾದರೆ ಬೆಳಗಿನ ಜಾವದ ಯುದ್ಧದಲ್ಲಿ ವೇಷಧಾರಿಯ ಗತಿ ದೇವರೇ ಬಲ್ಲ.

ಅಲ್ಲಿ ಯಾರೂ ನಮ್ಮನ್ನು ಓಡಿಸುತ್ತಿರಲಿಲ್ಲ. ಮುಟ್ಟಬೇಡಿ ಅನ್ನುತ್ತಿದ್ದರು, ಅಷ್ಟೇ. ಹೀಗಾಗಿ ಆಟ ಶುರುವಾದಾಗ ತೆರೆಯ ಹಿಂದೆ ಕುಣಿಯುತ್ತಿರುವ ವೇಷ ಯಾರ ಕೈಯಲ್ಲಿ ತಯಾರಾಗಿದೆ ಅಂತ ನಮಗೆ ಗೊತ್ತಿರುತ್ತಿತ್ತು. ಒಡ್ಡೋಲಗ ಅಂದರೆ ಇದೇ ತಾನೆ? ಮೊದಲು ತೆರೆ. ತೆರೆಯ ಕೆಳಗೆ ಗೆಜ್ಜೆ ಕಾಲು, ಮೇಲೆ ಕಿರೀಟದ ತುದಿ. ಆಮೇಲೆ ನಿಧಾನವಾಗಿ ಪೂರ್ತಿ ವೇಷ. ನಮ್ಮ ಅಜ್ಜನ ವಯಸ್ಸಿನವರು ಆ ಗಳಿಗೆಗೇ ಕಾಯುತ್ತಿದ್ದರು. "ಮುಂಡಾಸು ಇವತ್ತು ಸರಿ ಕೂತಿಲ್ಲ", "ಬಣ್ಣಗಾರಿಕೆ ಚೆನ್ನಾಗಿದೆ, ನಿಲುವು ಸಾಲದು" ಅಂತ ಕೂತಲ್ಲೇ ತೀರ್ಪು ಕೊಡುತ್ತಿದ್ದರು. ಅವರಿಗೆ ಫ್ಯಾಷನ್ ಅನ್ನುವ ಮಾತು ಗೊತ್ತಿರಲಿಲ್ಲ. ಆದರೆ ಬಟ್ಟೆ, ಬಣ್ಣ, ಮೈ, ನಡೆ ನಾಲ್ಕನ್ನೂ ಒಟ್ಟಿಗೆ ನೋಡುವ ಕಣ್ಣಿತ್ತು. ಇವತ್ತು ಕಾರ್ಪೆಟ್ ಪಕ್ಕ ನಿಂತು ಅಂಕ ಕೊಡುವ ಎಷ್ಟೋ ಜನರಿಗಿಂತ ಒಳ್ಳೆಯ ಕಣ್ಣು ಅದು.

ಇಲ್ಲಿಗೆ ಬಂದ ಮೇಲೆ ನಾನು ನೋಡಿದ ಹಾಲಿವುಡ್ ಎರಡು ಥರ ಇದೆ. ಒಂದು ಕಾರ್ಪೆಟ್ ಮೇಲಿನದು. ಅದರ ಬಗ್ಗೆ ಹೇಳಿಯಾಯಿತು. ಇನ್ನೊಂದು ಕೆಲಸ ಮಾಡುವವರ ಹಾಲಿವುಡ್. ಅದು ನನ್ನ ಮನಸ್ಸು ಗೆದ್ದಿದೆ.

ಪ್ರಶಸ್ತಿಗಳ ಕಾಲ ಬಂತು ಅಂದರೆ ಸನ್‌ಸೆಟ್ ಬುಲೆವಾರ್ಡ್ ಉದ್ದಕ್ಕೂ ದೊಡ್ಡ ದೊಡ್ಡ ಫಲಕ ಏಳುತ್ತವೆ. ನಮ್ಮೂರಲ್ಲಿ ಹೀರೋ ಕಟೌಟ್ ಏಳುತ್ತದಲ್ಲ, ಹಾಗೆಯೇ. ಮೊದಲ ಸಲ ಆ ಪ್ರಚಾರದ ಜಾಹೀರಾತುಗಳನ್ನು ಹತ್ತಿರದಿಂದ ಓದಿದಾಗ ಆಶ್ಚರ್ಯವಾಯಿತು. ನಟರ ಹೆಸರಿನ ಕೆಳಗೆ ಸಂಕಲನಕಾರರ ಹೆಸರು, ಶಬ್ದದವರ ಹೆಸರು, ವಸ್ತ್ರವಿನ್ಯಾಸ ಮಾಡಿದವರ ಹೆಸರು. ಇವರ ಕೆಲಸ ಗಮನಿಸಿ, ಮತ ಹಾಕುವಾಗ ನೆನಪಿಡಿ ಅಂತ ಕೇಳಿಕೊಳ್ಳುತ್ತಾರೆ. ಇದರ ಹಿಂದೆ ಸ್ಟುಡಿಯೋಗಳ ಲೆಕ್ಕಾಚಾರ ಇದೆ, ಸುರಿಯುವ ಹಣ ಇದೆ, ಅದೆಲ್ಲ ನಿಜ. ಆದರೂ ವಸ್ತ್ರವಿನ್ಯಾಸಕಿಯ ಹೆಸರು ರಸ್ತೆ ಬದಿಯಲ್ಲಿ ಅಷ್ಟು ದೊಡ್ಡದಾಗಿ ಕಾಣುವುದು ಸಣ್ಣ ಸಂಗತಿ ಅಲ್ಲ.

ಆಸ್ಕರ್ ನಾಮನಿರ್ದೇಶನದ ರೀತಿಯೂ ಹಾಗೆಯೇ. ವಸ್ತ್ರವಿನ್ಯಾಸಕ್ಕೆ ಯಾರನ್ನು ಆರಿಸಬೇಕು ಅಂತ ಮೊದಲ ಸುತ್ತಿನಲ್ಲಿ ತೀರ್ಮಾನ ಮಾಡುವವರು ಆಸ್ಕರ್ ಕೊಡುವ ಅಕಾಡೆಮಿಯಲ್ಲಿ ಅದೇ ಕೆಲಸ ಮಾಡುವ ಸದಸ್ಯರು. ಕೊನೆಯ ಸುತ್ತಿನಲ್ಲಿ ಎಲ್ಲ ಸದಸ್ಯರೂ ಮತ ಹಾಕುತ್ತಾರೆ. ಒಂದು ವಿಭಾಗದಲ್ಲಿ ಮತ ಹಾಕಬೇಕಾದರೆ ಅಲ್ಲಿನ ಎಲ್ಲ ಸಿನಿಮಾಗಳನ್ನೂ ನೋಡಿರಲೇಬೇಕು ಅನ್ನುವ ನಿಯಮವನ್ನು 2025ರಲ್ಲಿ ಪ್ರಕಟಿಸಿದರು. ಇಷ್ಟು ವರ್ಷ ಆ ನಿಯಮ ಇರಲಿಲ್ಲವಾ ಅಂತ ಕೇಳಬಹುದು. ಈಗಲಾದರೂ ಬಂತಲ್ಲ. ಪಾತ್ರಕ್ಕೆ ನಟರನ್ನು ಆರಿಸುವವರಿಗೆ 2026ರಿಂದ ಆಸ್ಕರ್ ಇದೆ. ಸ್ಟಂಟ್ ವಿನ್ಯಾಸಕ್ಕೆ 2028ರ ನೂರನೇ ಸಮಾರಂಭದಿಂದ. ಪರದೆಯ ಹಿಂದೆ ದುಡಿಯುವವರ ಪಟ್ಟಿ ನಿಧಾನಕ್ಕೆ ಬೆಳೆಯುತ್ತಾ ಇದೆ.

ಭಾರತಕ್ಕೆ ಮೊದಲ ಆಸ್ಕರ್ ತಂದವರು ಯಾರು? ನಮ್ಮಲ್ಲಿ ಕೇಳಿದರೆ ಜಾಸ್ತಿ ಜನ ಸತ್ಯಜಿತ್ ರಾಯ್ ಅನ್ನುತ್ತಾರೆ, ಇಲ್ಲವೇ ರೆಹಮಾನ್ ಅನ್ನುತ್ತಾರೆ. ಅಲ್ಲ. ಬೆಳಗಾವಿ ದಾಟಿದರೆ ಸಿಗುವ ಕೊಲ್ಹಾಪುರದ ಭಾನು ಅಥೈಯಾ. 'ಗಾಂಧಿ' ಚಿತ್ರದ ಬಟ್ಟೆಗಳಿಗಾಗಿ 1983ರಲ್ಲಿ ಜಾನ್ ಮೊಲೊ ಜೊತೆ ಆ ಪ್ರಶಸ್ತಿ ಪಡೆದರು. ಭಾರತಕ್ಕೆ ಆಸ್ಕರ್ ಬಂದದ್ದೇ ಬಟ್ಟೆಯ ಕೆಲಸಕ್ಕೆ! 2012ರಲ್ಲಿ ಅವರು ಆ ಪ್ರತಿಮೆಯನ್ನು ಜೋಪಾನವಾಗಿ ಇಟ್ಟುಕೊಳ್ಳಿ ಅಂತ ಅಕಾಡೆಮಿಗೇ ಹಿಂದಿರುಗಿಸಿದರು. 2020ರಲ್ಲಿ ತೀರಿಕೊಂಡರು. ತನ್ನ ಕಾಲಾನಂತರ ಅದನ್ನು ಕಾಪಾಡುವ ಜಾಗ ಊರಲ್ಲಿ ಸಿಗದೆ ಇಷ್ಟು ದೂರ ಕಳಿಸಬೇಕಾಯಿತಲ್ಲ ಅನ್ನುವುದು ನನಗೆ ನೋವಿನ ವಿಷಯ.

ಇಲ್ಲೇ ಇನ್ನೊಂದು ಘಟನೆ ಹೇಳಬೇಕು. 2016ರಲ್ಲಿ ಜೆನ್ನಿ ಬೀವನ್ ಅವರಿಗೆ 'ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್' ಚಿತ್ರದ ವಸ್ತ್ರವಿನ್ಯಾಸಕ್ಕೆ ಆಸ್ಕರ್ ಬಂತು. ಅವರು ಚರ್ಮದಂಥ ಜಾಕೆಟ್ ಹಾಕಿ, ಕೊರಳಿಗೆ ಸ್ಕಾರ್ಫ್ ಸುತ್ತಿಕೊಂಡು ವೇದಿಕೆಗೆ ನಡೆದರು. ಅಕ್ಕಪಕ್ಕ ಕೂತಿದ್ದ ಕೆಲವರು ಚಪ್ಪಾಳೆ ತಟ್ಟದೆ ಅವರನ್ನು ಮೇಲಿಂದ ಕೆಳಗೆ ನೋಡುತ್ತಿರುವ ವಿಡಿಯೋ ಜಗತ್ತೆಲ್ಲ ಓಡಾಡಿತು. ಆ ವರ್ಷ ಬಟ್ಟೆಯ ಕೆಲಸದಲ್ಲಿ ಎಲ್ಲರಿಗಿಂತ ಮೇಲು ಅನ್ನಿಸಿಕೊಂಡ ಹೆಂಗಸಿನ ಬಟ್ಟೆಯ ಬಗ್ಗೆ ಇಷ್ಟೊಂದು ಮಾತು. ಅವರು ಮಾತ್ರ ಆರಾಮಾಗಿ ನಗುತ್ತಾ ಹೋಗಿ ಪ್ರಶಸ್ತಿ ತಗೊಂಡರು. ನನಗೆ ಆಸ್ಕರ್ ಕಾರ್ಪೆಟ್‌ನ ಯಾವ ಗೌನ್‌ಗಿಂತಲೂ ಆ ಜಾಕೆಟ್ ಇಷ್ಟ.

ಇಲ್ಲಿ ಎಫ್‌ಐಡಿಎಂ ಅನ್ನುವ ಫ್ಯಾಷನ್ ಕಾಲೇಜಿನ ಸಂಗ್ರಹಾಲಯ ಇದೆ. ಆಯಾ ವರ್ಷದ ಸಿನಿಮಾಗಳ ನಿಜವಾದ ಬಟ್ಟೆಗಳ ಪ್ರದರ್ಶನವನ್ನು ಬಹಳ ವರ್ಷ ನಡೆಸಿಕೊಂಡು ಬಂದವರು ಅವರು. ಪರದೆ ಮೇಲೆ ನೋಡಿದ ಕೋಟನ್ನು ಒಂದಡಿ ದೂರದಿಂದ ನೋಡಬಹುದು. ತೋಳಿನ ತುದಿ ಸವೆದಿರುತ್ತದೆ. ಆ ಸವೆತವನ್ನೂ ಯಾರೋ ಕೂತು ಉಜ್ಜಿ ಮಾಡಿರುತ್ತಾರೆ. ಹೊಸ ಬಟ್ಟೆಯನ್ನು ಹಳೆಯದು ಮಾಡುವುದೇ ಇಲ್ಲಿ ಒಂದು ಕಸುಬು. ಅದಕ್ಕೆ ಅಂತಲೇ ಕೆಲಸಗಾರರಿದ್ದಾರೆ. ಸಿನಿಮಾ ಮುಗಿದ ಮೇಲೆ ಅವರ ಹೆಸರೂ ಪರದೆ ಮೇಲೆ ಬರುತ್ತದೆ. ಈ ಊರಲ್ಲಿ ಹೆಸರುಗಳು ಪೂರ್ತಿ ಹೋಗುವವರೆಗೆ ಕೂತಿರುವವರು ಜಾಸ್ತಿ. ಪಕ್ಕದ ಸೀಟಿನವರ ಅಕ್ಕನೋ ತಮ್ಮನೋ ಆ ಪಟ್ಟಿಯಲ್ಲಿ ಇರಬಹುದು. ಹೆಸರು ಬಂದಾಗ ಮೂಲೆಯಲ್ಲಿ ನಾಲ್ಕು ಜನ ಚಪ್ಪಾಳೆ ತಟ್ಟುತ್ತಾರೆ.

ನಮ್ಮ ಕಡೆ ಟಾಕೀಸುಗಳಲ್ಲಿ ಏನಾಗುತ್ತದೆ ಅಂತ ಗೊತ್ತಲ್ಲ. ಕೊನೆಯ ದೃಶ್ಯ ಮುಗಿಯುವ ಮುಂಚೆಯೇ ಬಾಗಿಲು ತೆಗೆದಿರುತ್ತಾರೆ, ಲೈಟ್ ಹಾಕಿರುತ್ತಾರೆ. ಹೆಸರುಗಳು ಗೋಡೆಯ ಮೇಲೆ ಮಸುಕಾಗಿ ಓಡುತ್ತಿರುತ್ತವೆ. ನಾವು ಚಪ್ಪಲಿ ಹುಡುಕುತ್ತಿರುತ್ತೇವೆ. ಜನರನ್ನು ನಾನು ದೂರುವುದಿಲ್ಲ. ಕೊನೆ ಬಸ್ಸು ಹಿಡಿಯಬೇಕು, ಘಟ್ಟದ ರಸ್ತೆ, ಮಳೆ. ಆದರೆ ಊರಿಗೆ ಹೋದಾಗಲೆಲ್ಲ ನನಗೆ ಅನ್ನಿಸುತ್ತದೆ: ಚೌಕಿಗೆ ಹೋಗಿ ಮುಂಡಾಸು ಕಟ್ಟುವುದನ್ನು ನೋಡುತ್ತಿದ್ದ ನಾವು, ಸಿನಿಮಾದ ಚೌಕಿಯಲ್ಲಿ ಯಾರಿದ್ದಾರೆ ಅಂತ ಒಮ್ಮೆಯೂ ಯಾಕೆ ಕೇಳಲಿಲ್ಲ?

ಕೇಳಿದ್ದರೆ ವೈಶಾಲಿ ಕಾಸರವಳ್ಳಿ ಅವರ ಹೆಸರು ವಸ್ತ್ರವಿನ್ಯಾಸಕ್ಕೂ ಪ್ರತಿ ಮನೆಯಲ್ಲೂ ಗೊತ್ತಿರುತ್ತಿತ್ತು. ನಟಿಯಾಗಿ, ಧಾರಾವಾಹಿಗಳ ನಿರ್ದೇಶಕಿಯಾಗಿ ಅವರು ಎಲ್ಲರಿಗೂ ಗೊತ್ತು. 'ತಾಯಿ ಸಾಹೇಬ' ಚಿತ್ರದ ವಸ್ತ್ರವಿನ್ಯಾಸಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಿತ್ತು ಅಂತ ಎಷ್ಟು ಜನರಿಗೆ ಗೊತ್ತು? ಅದೇ ಚಿತ್ರಕ್ಕೆ ದೇಶದ ಅತ್ಯುತ್ತಮ ಚಿತ್ರಕ್ಕೆ ಕೊಡುವ 1997ರ ಸಾಲಿನ ಸ್ವರ್ಣಕಮಲವೂ ಬಂತು. ನಿರ್ದೇಶಕರು ಗಿರೀಶ್ ಕಾಸರವಳ್ಳಿ, ನಮ್ಮ ತೀರ್ಥಹಳ್ಳಿ ತಾಲೂಕಿನ ಕೆಸಲೂರಿನವರು. 'ಘಟಶ್ರಾದ್ಧ', 'ತಬರನ ಕಥೆ', 'ತಾಯಿ ಸಾಹೇಬ', 'ದ್ವೀಪ' ಹೀಗೆ ನಾಲ್ಕು ಸಲ ಸ್ವರ್ಣಕಮಲ ಪಡೆದವರು. ಶಿವಮೊಗ್ಗ ಜಿಲ್ಲೆಯವರು ಈ ನಾಲ್ಕು ಹೆಸರನ್ನು ಹೆಮ್ಮೆಯಿಂದ ಹೇಳುತ್ತಾರೆ. ಆದರೆ ಆ ಸಿನಿಮಾಗಳಲ್ಲಿ ಯಾರು ಏನು ಉಟ್ಟಿದ್ದರು, ಯಾಕೆ ಉಟ್ಟಿದ್ದರು ಅನ್ನುವುದನ್ನು ಯಾರೂ ಮಾತಾಡುವುದಿಲ್ಲ.

'ಘಟಶ್ರಾದ್ಧ' ತಗೊಳ್ಳಿ. ಕಥೆ ಅನಂತಮೂರ್ತಿಯವರದು, ಅವರೂ ತೀರ್ಥಹಳ್ಳಿ ತಾಲೂಕಿನವರೇ. 1977ರ ಕಪ್ಪು ಬಿಳುಪು ಚಿತ್ರ. ಬಣ್ಣದ ಸಹಾಯವೇ ಇಲ್ಲ. ಕೊನೆಯಲ್ಲಿ ತಲೆ ಬೋಳಿಸಿಕೊಂಡು ಒಂಟಿಯಾಗಿ ಕೂತ ಯಮುನಕ್ಕನನ್ನು ನೋಡಿದಾಗ, ಸಮಾಜ ಅವಳಿಗೆ ಏನು ಮಾಡಿತು ಅಂತ ಒಂದು ಮಾತೂ ಇಲ್ಲದೆ ಗೊತ್ತಾಗುತ್ತದೆ. ಸೀರೆ, ತಲೆ, ಕೂತ ಭಂಗಿ. ವೇಷದ ಕೆಲಸ ಅಂದರೆ ಇದು. ಇದೇ ಚಿತ್ರವನ್ನು ಮುಂಬೈನ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕಾರ್ಸೆಸಿಯವರ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ ಹೊಸದರಂತೆ ಮಾಡಿ, 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದವು. ವೆನಿಸ್ ಅಂದರೂ ಕಾರ್ಪೆಟ್ ಇದೆ, ದೋಣಿಯಿಂದ ಇಳಿಯುವ ತಾರೆಯರಿದ್ದಾರೆ. ಆ ವಾರ ನನ್ನ ಫೋನಿಗೆ ಬಂದದ್ದೆಲ್ಲ ದೋಣಿಯಿಂದ ಇಳಿಯುವವರ ಫೋಟೋ. ಯಮುನಕ್ಕನ ಒಂದು ಫೋಟೋವನ್ನೂ ಯಾರೂ ಕಳಿಸಲಿಲ್ಲ.

ಫ್ರಾನ್ಸಿನ ಕಾನ್ ಚಿತ್ರೋತ್ಸವದ ಸುದ್ದಿಯಲ್ಲೂ ಇದೇ ಕಥೆ. 2022ರಲ್ಲಿ ಬೆಂಗಳೂರಿನಲ್ಲಿ ಬೆಳೆದ ದೀಪಿಕಾ ಪಡುಕೋಣೆ ಅಲ್ಲಿ ತೀರ್ಪುಗಾರರಲ್ಲಿ ಒಬ್ಬರಾಗಿದ್ದರು. ಹನ್ನೆರಡು ದಿನ ದಿನಾ ಹೊಸ ಉಡುಪಿನ ಚಿತ್ರಗಳು. ಅವರು ಕೂತು ನೋಡಿದ ಸಿನಿಮಾಗಳು ಯಾವುವು ಅಂತ ನಮ್ಮವರಲ್ಲಿ ಮಾತಿಲ್ಲ. ಅದೇ ವರ್ಷ ಶೌನಕ್ ಸೇನ್ ಅವರ 'ಆಲ್ ದಟ್ ಬ್ರೀದ್ಸ್' ಅಲ್ಲಿ ಅತ್ಯುತ್ತಮ ಸಾಕ್ಷ್ಯಚಿತ್ರದ ಪ್ರಶಸ್ತಿ ಗೆದ್ದಿತು. ದೆಹಲಿಯ ಹೊಗೆಯಲ್ಲಿ ಬೀಳುವ ಹದ್ದುಗಳಿಗೆ ಶುಶ್ರೂಷೆ ಮಾಡುವ ಅಣ್ಣ ತಮ್ಮಂದಿರ ಕಥೆ. ಅಪರೂಪದ ಚಿತ್ರ. ಸಿಕ್ಕರೆ ಬಿಡಬೇಡಿ.

2024 ಇನ್ನೂ ದೊಡ್ಡ ವರ್ಷ. ನಿರ್ದೇಶಕಿ ಪಾಯಲ್ ಕಪಾಡಿಯಾ ಅವರಿಗೆ ಕಾನ್‌ನ ಎರಡನೇ ದೊಡ್ಡ ಪ್ರಶಸ್ತಿಯಾದ ಗ್ರಾಂಡ್ ಪ್ರಿ ಬಂತು. ಅದಕ್ಕಿಂತ ನನಗೆ ಹತ್ತಿರದ ಸುದ್ದಿ ಅಂದರೆ, ಮೈಸೂರಿನ ಚಿದಾನಂದ ನಾಯ್ಕ್ ಅವರ ಕನ್ನಡ ಕಿರುಚಿತ್ರಕ್ಕೆ ವಿದ್ಯಾರ್ಥಿಗಳ ವಿಭಾಗವಾದ ಲಾ ಸಿನೆಫ್‌ನಲ್ಲಿ ಮೊದಲ ಬಹುಮಾನ. ಊರಿನ ಹುಂಜ ಕದ್ದ ಅಜ್ಜಿ, ಹುಂಜ ಇಲ್ಲದೆ ಹುಟ್ಟದ ಸೂರ್ಯ. ನಮ್ಮ ಅಜ್ಜಿಯಂದಿರು ಹೇಳುತ್ತಿದ್ದ ಕಥೆ. ಕನ್ನಡದಲ್ಲಿ ತೆಗೆದದ್ದು ಕಾನ್‌ನಲ್ಲಿ ಗೆದ್ದಿತು. ಇದು ನಮ್ಮ ಊರಲ್ಲಿ ಪಟಾಕಿ ಹೊಡೆಯಬೇಕಾದ ಸುದ್ದಿ, ಅಲ್ವಾ?

ಅದೇ ವರ್ಷ ಕಾರ್ಪೆಟ್ ಮೇಲೂ ಒಂದು ಒಳ್ಳೆಯ ಗಳಿಗೆ ಬಂತು. ಉತ್ತರ ಪ್ರದೇಶದ ಹಳ್ಳಿಯಿಂದ ಬಂದ ನ್ಯಾನ್ಸಿ ತ್ಯಾಗಿ ಅನ್ನುವ ಹುಡುಗಿ ಗುಲಾಬಿ ಬಣ್ಣದ ದೊಡ್ಡ ಗೌನ್ ಹಾಕಿ ನಿಂತಳು. ಅವಳೇ ಹೊಲಿದದ್ದು. 1,000 ಮೀಟರ್ ಬಟ್ಟೆ, 30 ದಿನದ ಕೆಲಸ, 20 ಕಿಲೋಗಿಂತ ಜಾಸ್ತಿ ತೂಕ ಅಂತ ಅವಳೇ ಹೇಳಿಕೊಂಡಳು. ಯಾರ ಬಟ್ಟೆ ಅನ್ನುವ ಪ್ರಶ್ನೆಗೆ ನನ್ನದೇ ಅಂತ ಉತ್ತರ. ಹಿಂದಿಯಲ್ಲೇ ಮಾತಾಡಿದಳು. ಸಿನಿಮಾಕ್ಕೂ ಅವಳಿಗೂ ಸಂಬಂಧ ಏನು ಅಂತ ಕೆಲವರು ಆಗ ಗೊಣಗಿದರು. ಮುಖಕ್ಕೆ ತಾನೇ ಬಣ್ಣ ಹಚ್ಚಿಕೊಂಡು, ವೇಷ ಕಟ್ಟಿಕೊಂಡು ರಂಗಸ್ಥಳಕ್ಕೆ ಬರುವವರನ್ನು ನೋಡಿ ಬೆಳೆದ ನನಗೆ ಆ ಪ್ರಶ್ನೆ ಬರಲೇ ಇಲ್ಲ. ಅವತ್ತು ಅಲ್ಲಿ ನಿಂತಿದ್ದವರಲ್ಲಿ ತನ್ನ ಬಟ್ಟೆಯ ಒಂದೊಂದು ಹೊಲಿಗೆಯ ಲೆಕ್ಕ ಕೊಡಬಲ್ಲವಳು ಅವಳು.

ಕಾನ್‌ನವರ ಉಡುಪಿನ ನಿಯಮಗಳ ಬಗ್ಗೆ ನನಗೆ ಗೌರವ ಕಡಿಮೆ. 2015ರಲ್ಲಿ ಎತ್ತರದ ಹಿಮ್ಮಡಿ ಇಲ್ಲದ ಚಪ್ಪಲಿ ಹಾಕಿದ್ದಕ್ಕೆ ಕೆಲವು ಹೆಂಗಸರನ್ನು ಬಾಗಿಲಲ್ಲಿ ತಡೆದರು ಅಂತ ಗಲಾಟೆಯಾಯಿತು. ಮರುವರ್ಷ ಜೂಲಿಯಾ ರಾಬರ್ಟ್ಸ್ ಬರಿಗಾಲಲ್ಲಿ ಮೆಟ್ಟಿಲು ಹತ್ತಿದರು. ಸರಿಯಾಗಿಯೇ ಮಾಡಿದರು. ಸಿನಿಮಾ ನೋಡೋಕೆ ಬಂದವರ ಕಾಲು ನೋಡೋದು ಎಂಥ ಮರ್ಯಾದೆ?

ಇನ್ನು ಸಮಾರಂಭಗಳು. ಮೊದಲ ಆಸ್ಕರ್ 1929ರಲ್ಲಿ ಹಾಲಿವುಡ್‌ನ ಒಂದು ಹೋಟೆಲಿನಲ್ಲಿ ಊಟದ ಜೊತೆ ಸುಮಾರು 15 ನಿಮಿಷದಲ್ಲಿ ಮುಗಿದಿತ್ತು. ಈಗ ಮೂರು ಗಂಟೆ ದಾಟುತ್ತದೆ. ಉದ್ದವಾಯಿತು ಅಂತ 2022ರಲ್ಲಿ ಎಂಟು ಪ್ರಶಸ್ತಿಗಳನ್ನು ನೇರ ಪ್ರಸಾರಕ್ಕೆ ಮೊದಲೇ ಕೊಟ್ಟು, ಆಮೇಲೆ ಕತ್ತರಿಸಿ ತೋರಿಸಿದರು. ಸಂಕಲನ, ಶಬ್ದ, ಪ್ರಸಾಧನ, ಸಂಗೀತ, ಕಿರುಚಿತ್ರ ಎಲ್ಲ ಅದರಲ್ಲಿ ಸೇರಿದ್ದವು. ಸಿನಿಮಾದವರೇ ಎದ್ದು ನಿಂತು ವಿರೋಧಿಸಿದರು. ಮರುವರ್ಷ ಎಲ್ಲ ಪ್ರಶಸ್ತಿಗಳೂ ಮತ್ತೆ ವೇದಿಕೆಗೆ ಬಂದವು. ನಮ್ಮಲ್ಲಿ 2018ರ ಮೇ ತಿಂಗಳಲ್ಲಿ ದೆಹಲಿಯ ರಾಷ್ಟ್ರಪ್ರಶಸ್ತಿ ಸಮಾರಂಭದಲ್ಲಿ ಇದೇ ಥರ ಆಯಿತು. ರಾಷ್ಟ್ರಪತಿಯವರು 11 ಪ್ರಶಸ್ತಿ ಮಾತ್ರ ಕೊಡುತ್ತಾರೆ, ಉಳಿದದ್ದನ್ನು ಸಚಿವರು ಕೊಡುತ್ತಾರೆ ಅಂದಾಗ 50ಕ್ಕೂ ಹೆಚ್ಚು ವಿಜೇತರು ಸಮಾರಂಭಕ್ಕೇ ಹೋಗಲಿಲ್ಲ. ಅವರ ನೋವು ನನಗೆ ಪೂರ್ತಿ ಅರ್ಥವಾಗುತ್ತದೆ. ಜೀವನದಲ್ಲಿ ಒಮ್ಮೆ ಬರುವ ದಿನ. ಅವತ್ತೂ ನೀವು ಎರಡನೇ ಸಾಲು ಅಂದರೆ ಹೇಗೆ?

ಟಿವಿಯಲ್ಲಿ ಬರುವ ನಮ್ಮ ಪ್ರಶಸ್ತಿ ರಾತ್ರಿಗಳಲ್ಲಿ ತಂತ್ರಜ್ಞರಿಗೆ ಸಿಗುವುದು ಕೆಲವೇ ಸೆಕೆಂಡು. ಹಾಡು, ಕುಣಿತ, ನಿರೂಪಕರ ಮಾತು ಕಳೆದು ಉಳಿದದ್ದು. ಕೆಲವು ಸಮಾರಂಭ ದುಬೈಯಲ್ಲಿ ನಡೆಯುತ್ತವೆ. ಹೊರನಾಡಿನವರಿಗೆ ಅದು ಸಂಭ್ರಮ, ನಾನು ಬೇಡ ಅನ್ನುವುದಿಲ್ಲ. ಆದರೆ ಕನ್ನಡ ಸಿನಿಮಾದ ಒಂದು ದೊಡ್ಡ ರಾತ್ರಿ ಶಿವಮೊಗ್ಗದಲ್ಲೋ ಹುಬ್ಬಳ್ಳಿಯಲ್ಲೋ ಆಗಲಿ ಅನ್ನುವ ಆಸೆ ಇದೆ. ರಾಜ್ಯ ಪ್ರಶಸ್ತಿಯದು ಬೇರೆಯೇ ಕಥೆ. 2019ರ ಸಾಲಿನ ಪಟ್ಟಿ ಬಂದದ್ದು 2025ರ ಜನವರಿಯಲ್ಲಿ. ಅತ್ಯುತ್ತಮ ನಟ ಶಿವಮೊಗ್ಗದಲ್ಲಿ ಹುಟ್ಟಿದ ಸುದೀಪ್. ಪ್ರಶಸ್ತಿ ತಗೊಳ್ಳುವುದನ್ನು ಕೆಲವು ವರ್ಷಗಳಿಂದ ಬಿಟ್ಟಿದ್ದೇನೆ, ಬೇರೆ ಅರ್ಹರಿಗೆ ಕೊಡಿ ಅಂತ ಅವರು ವಿನಯದಿಂದ ಬೇಡ ಅಂದರು. ಅವರಂಥ ತಾರೆಗೆ ಅದು ಸಾಧ್ಯ. ಐದು ವರ್ಷ ಕಾದ ಒಬ್ಬ ಸಂಕಲನಕಾರನಿಗೆ, ಒಬ್ಬ ಪ್ರಸಾಧನದವರಿಗೆ ಆ ಪ್ರಶಸ್ತಿ ಮುಂದಿನ ಕೆಲಸ ಕೊಡಿಸುವ ಕಾಗದ. ಅದು ಸಿನಿಮಾ ಮರೆತುಹೋದ ಮೇಲೆ ಬಂದರೆ ಏನು ಉಪಯೋಗ?

ಹೆಸರು ಹೇಳುವುದನ್ನು ನಾವು ಲಾಸ್ ಏಂಜಲೀಸಿನಿಂದ ಕಲಿಯಬೇಕು. ಲಾಸ್ ಏಂಜಲೀಸು ನಮ್ಮಿಂದ ಕಲಿಯಬೇಕಾದದ್ದು ಸಿನಿಮಾ ಮುಗಿದ ಮೇಲೆ ಮಾತಾಡುವ ರೀತಿ. ಇಲ್ಲಿ ಪ್ರದರ್ಶನದ ನಂತರ ನಿರ್ದೇಶಕರು, ನಟರು ಬಂದು ಕೂರುತ್ತಾರೆ. ಪ್ರಶ್ನೆ ಕೇಳುವವರು ಮೊದಲು ಹೊಗಳುತ್ತಾರೆ, ಆಮೇಲೆ ಪ್ರಶ್ನೆಯ ಹೆಸರಲ್ಲಿ ಮತ್ತೆ ಹೊಗಳುತ್ತಾರೆ. ಮತ ಬೇಕಾದ ಕಾಲವಾದರೆ ಕೇಳುವುದೇ ಬೇಡ. ನಮ್ಮ ಸಾಗರ ತಾಲೂಕಿನ ಹೆಗ್ಗೋಡಿನಲ್ಲಿ ಹೀಗೆ ನಡೆಯುವುದಿಲ್ಲ. ಅಲ್ಲಿನ ರಂಗಸಂಸ್ಥೆ ನೀನಾಸಂನ ಅಕ್ಟೋಬರಿನ ಸಂಸ್ಕೃತಿ ಶಿಬಿರದಲ್ಲಿ ರಾತ್ರಿ ನೋಡಿದ ನಾಟಕವನ್ನು ಮಾರನೇ ಬೆಳಿಗ್ಗೆ ಎಲ್ಲರೂ ಕೂತು ಬಿಡಿಸಿ ನೋಡುತ್ತಾರೆ. ಆಡಿದವರು ಎದುರಿಗೇ ಇರುತ್ತಾರೆ. ತಿಂಡಿ ತಿಂದು ಬಂದ ಮೇಷ್ಟ್ರು, ತೋಟದ ಕೆಲಸ ಬಿಟ್ಟು ಬಂದವರು, ಕಾಲೇಜು ಹುಡುಗಿಯರು ಯಾರೂ ಮುಲಾಜು ನೋಡುವುದಿಲ್ಲ. ಚೆನ್ನಾಗಿಲ್ಲದ್ದನ್ನು ಚೆನ್ನಾಗಿಲ್ಲ ಅನ್ನುತ್ತಾರೆ, ಯಾಕೆ ಅಂತಲೂ ಹೇಳುತ್ತಾರೆ.

ಇದರ ಬೇರು ಆಳದಲ್ಲಿದೆ. ನೀನಾಸಂ 1949ರದು. ಅದರ ಚಿತ್ರಸಮಾಜ ಶುರುವಾದದ್ದು 1973ರಲ್ಲಿ. ನೀನಾಸಂ ಕಟ್ಟಿದ ಕೆ.ವಿ. ಸುಬ್ಬಣ್ಣನವರು ಅಡಿಕೆ ತೋಟದ ಹಳ್ಳಿಯಲ್ಲಿ 'ಪಥೇರ್ ಪಾಂಚಾಲಿ', 'ರಾಶೊಮನ್', 'ಬೈಸಿಕಲ್ ಥೀವ್ಸ್' ತೋರಿಸಿದರು. ಸುಮ್ನೆ ತೋರಿಸಲಿಲ್ಲ. ಕನ್ನಡದಲ್ಲಿ ಹಿನ್ನೆಲೆ ಹೇಳಿ ತೋರಿಸಿದರು. ಹಳ್ಳಿಯವರಿಗೆ ಇದೆಲ್ಲ ಅರ್ಥವಾಗುತ್ತಾ ಅಂತ ಪೇಟೆಯವರು ಕೇಳಿದ್ದರಂತೆ. ಆಟದ ವೇಷ ನೋಡಿ ಅಂಕ ಕೊಡುವ ಜನಕ್ಕೆ ಅರ್ಥವಾಗದೆ ಇರುತ್ತದಾ? 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಇಲ್ಲಿನ ಗೆಳೆಯರಿಗೆ ನಾನು ಈ ಕಥೆ ಹೇಳಿದಾಗ ಅವರು ಮತ್ತೆ ಮತ್ತೆ ಕೇಳುತ್ತಾರೆ. ಈ ಊರಲ್ಲಿ ಸಿನಿಮಾ ಮಾಡುವವರು ಲೆಕ್ಕವಿಲ್ಲದಷ್ಟು. ಅದನ್ನು ಒಂದು ಊರು ಒಟ್ಟಾಗಿ ಕೂತು ನೋಡಿ, ಒಟ್ಟಾಗಿ ಮಾತಾಡಬಹುದು ಅನ್ನುವುದು ಅವರಿಗೆ ಹೊಸದು.

ನನ್ನ ತಂಗಿಯ ಮಗಳು ಬೆಂಗಳೂರಿನಲ್ಲಿ ಫ್ಯಾಷನ್ ಡಿಸೈನ್ ಓದುತ್ತಿದ್ದಾಳೆ. ಅವಳು ಸೇರುವಾಗ ಮನೆಯ ಹಿರಿಯರೊಬ್ಬರು, "ಟೈಲರಿಂಗ್ ಕಲಿಯೋಕೆ ಬೆಂಗಳೂರಿಗೆ ಯಾಕೆ ಹೋಗಬೇಕು, ಸಾಗರದಲ್ಲೇ ಕಲಿಸ್ತಾರಲ್ಲ" ಅಂದಿದ್ದರು. ಇಲ್ಲಿ ಭಾನುವಾರ ಸಂಜೆ ಆಸ್ಕರ್ ನಡೆಯುವಾಗ ಅಲ್ಲಿ ಸೋಮವಾರದ ಬೆಳಗಿನ ಜಾವ. ಅವಳು ಎದ್ದು ಕೂತಿರುತ್ತಾಳೆ. "ಮಾವ, ಆ ಹಸಿರು ನೋಡಿದ್ರಾ? ಬಟ್ಟೆ ಬೀಳೋ ರೀತಿ ನೋಡಿ" ಅಂತ ಒಂದಾದ ಮೇಲೆ ಒಂದು ಸಂದೇಶ. 2025ರಲ್ಲಿ 'ವಿಕೆಡ್' ಚಿತ್ರಕ್ಕಾಗಿ ಪಾಲ್ ಟೇಜ್‌ವೆಲ್ ವಸ್ತ್ರವಿನ್ಯಾಸದ ಆಸ್ಕರ್ ಪಡೆದ ಮೊದಲ ಕಪ್ಪು ಗಂಡಸಾದಾಗ ಅವಳು ಕುಣಿದಾಡಿದಳು. ಕಾರ್ಪೆಟ್ ಮೇಲೆ ನಡೆಯುವುದು ಅವಳ ಆಸೆ ಅಲ್ಲ. ಕನ್ನಡ ಸಿನಿಮಾಕ್ಕೆ ವೇಷ ಮಾಡಬೇಕು ಅನ್ನುವುದು ಆಸೆ. ನಿನ್ನ ಹೆಸರು ಬರುವ ಹೊತ್ತಿಗೆ ಟಾಕೀಸಿನಲ್ಲಿ ಲೈಟ್ ಹಾಕಿರುತ್ತಾರೆ ಅಂತ ನಾನು ಅವಳಿಗೆ ಹೇಳಿಲ್ಲ. ಅವಳಿಗೇ ಗೊತ್ತಿದೆ.

ಕಳೆದ ಸಲ ಊರಿಗೆ ಹೋದಾಗ ಇಬ್ಬರೂ ಹೆಗ್ಗೋಡಿನ ಹತ್ತಿರದ ಭೀಮನಕೋಣೆಗೆ ಹೋಗಿದ್ದೆವು. ರಂಗಕರ್ಮಿ ಪ್ರಸನ್ನ ಅವರು ಕಟ್ಟಿದ ಚರಕ ಅಲ್ಲಿದೆ. ಸುತ್ತಲಿನ ಹಳ್ಳಿಯ ಹೆಂಗಸರೇ ನಡೆಸುವ ಕೈಮಗ್ಗದ ಸಹಕಾರ ಸಂಘ. ಅಡಿಕೆ ಬೇಯಿಸಿದ ಮೇಲೆ ಉಳಿಯುವ ಚೊಗರಿನಿಂದ ನೂಲಿಗೆ ಬಣ್ಣ ಕಟ್ಟುತ್ತಾರೆ. ನಮ್ಮ ಮನೆಗಳಲ್ಲಿ ಚೊಗರು ಬಟ್ಟೆಗೆ ತಾಗಿದರೆ ಬೈಗುಳ ಬೀಳುತ್ತಿತ್ತು, ಕಲೆ ಹೋಗುವುದಿಲ್ಲ ಅಂತ. ಹೋಗದ ಬಣ್ಣವೇ ಅಲ್ಲಿ ಬೇಕಾದದ್ದು. ತಂಗಿಯ ಮಗಳು ಅಂಗಳದಲ್ಲಿ ಒಣಗಿದ ಲಡಿಗಳ ಮುಂದೆ ನಿಂತು ಬಹಳ ಹೊತ್ತು ಪ್ರಶ್ನೆ ಕೇಳಿದಳು. ಎಷ್ಟು ಹೊತ್ತು ಕುದಿಸಬೇಕು, ಎರಡನೇ ಸಲ ಅದ್ದಿದರೆ ಎಷ್ಟು ಗಾಢ ಆಗುತ್ತದೆ, ಹೀಗೆ. ಹೇಳಿಕೊಟ್ಟವರು ಬಣ್ಣದ ತೊಟ್ಟಿಯಿಂದ ಕೈ ಎತ್ತದೆ ಉತ್ತರ ಕೊಟ್ಟರು.

ನಮ್ಮ ಕಡೆಯ ದೀವರ ಸಮುದಾಯದ ಹೆಂಗಸರು ಮಣ್ಣಿನ ಗೋಡೆಯ ಮೇಲೆ ಅಕ್ಕಿ ಹಿಟ್ಟಿನಲ್ಲಿ, ಪುಂಡಿ ನಾರಿನ ಕುಂಚದಿಂದ ಬರೆಯುವ ಹಸೆ ಚಿತ್ತಾರವನ್ನು ಸೀರೆಯ ಅಂಚಿಗೆ ತರುವ ಯೋಚನೆ ಅವಳಿಗಿದೆ. ಬರೆದವರ ಹೆಸರು ಸೀರೆಯ ಮೂಲೆಯಲ್ಲಿ ಇರಬೇಕು ಅಂತ ಈಗಲೇ ತೀರ್ಮಾನ ಮಾಡಿದ್ದಾಳೆ. ನಮ್ಮ ಕನ್ನಡದ ನಟಿಯೊಬ್ಬರು ಯಾವುದಾದರೂ ಚಿತ್ರೋತ್ಸವಕ್ಕೆ ಅಂಥ ಸೀರೆ ಉಟ್ಟು ಹೋಗಲಿ. ಮೈಕ್ ಹಿಡಿದವರು ಯಾರ ಬಟ್ಟೆ ಅಂತ ಕೇಳಲಿ. ಸಾಗರ ತಾಲೂಕಿನ ಒಬ್ಬ ಹೆಂಗಸಿನ ಹೆಸರು ಊರಿನ ಸಮೇತ ಉತ್ತರವಾಗಿ ಬರಲಿ.

ಇಲ್ಲಿನ ಕನ್ನಡ ಕೂಟದವರ ಜೊತೆ ಸೇರಿ ಒಂದು ಸಿನಿಮಾ ಸಂಜೆ ಮಾಡುವ ಏರ್ಪಾಡು ನಡೆದಿದೆ. ಹಾಡು, ಕುಣಿತ ಬೇಡ, ಸಿನಿಮಾ ಮತ್ತು ಮಾತು ಇರಲಿ ಅಂತ ಕೇಳಿಕೊಂಡಿದ್ದೇನೆ. ಎಲ್ಲರೂ ಒಳ್ಳೆಯ ಸೀರೆ, ಪಂಚೆ ಉಟ್ಟು ಬರಲಿ, ಫೋಟೋ ತೆಗೆಸಿಕೊಳ್ಳಲಿ, ಅದೂ ಬೇಕು. ಒಳಗೆ ಕೂತ ಮೇಲೆ ಪ್ರತಿಯೊಬ್ಬರ ಕೈಗೆ ಒಂದು ಹಾಳೆ ಕೊಡುತ್ತೇವೆ. ಅದರಲ್ಲಿ ಆ ಚಿತ್ರಕ್ಕೆ ಕೆಲಸ ಮಾಡಿದ ಎಲ್ಲರ ಹೆಸರು ಕನ್ನಡದಲ್ಲಿ ಇರುತ್ತದೆ, ವಸ್ತ್ರ, ಪ್ರಸಾಧನ, ಲೈಟ್ ಎತ್ತಿದವರವರೆಗೆ. ಚಿತ್ರ ಮುಗಿದು ಹೆಸರುಗಳು ಪೂರ್ತಿ ಹೋಗುವ ತನಕ ಲೈಟ್ ಹಾಕುವುದಿಲ್ಲ. ಮಾರನೇ ಬೆಳಿಗ್ಗೆ ಇಡ್ಲಿ ತಿಂದು ಹೆಗ್ಗೋಡಿನ ಥರ ಚರ್ಚೆ. ಮೊದಲ ಚಿತ್ರ 'ತಾಯಿ ಸಾಹೇಬ' ಆಗಲಿ ಅಂತ ನನ್ನ ಮತ. ಒಳ್ಳೆಯ ಪ್ರತಿಗಾಗಿ ಓಡಾಡುತ್ತಿದ್ದೇವೆ. ಅದು ಸಿಗದಿದ್ದರೆ ಶರಾವತಿ ನೆನಪಿಗೆ 'ದ್ವೀಪ'.